ಮನೆಯ ನೆನಪೆಲ್ಲ ಒಬ್ಬರ ತಲೆಯಲ್ಲೇ ಯಾಕಿರಬೇಕು?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಸಮಯ ಹೊಂದಿಸಿಕೊಳ್ಳುವುದು ಹೇಗೆ ಅಂತ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಬೆಳಗ್ಗೆ ಐದಕ್ಕೆ ಏಳಿ, ಅವತ್ತಿನ ಕೆಲಸದ ಪಟ್ಟಿ ಮಾಡಿ, ಫೋನ್ ದೂರ ಇಡಿ, ಆಗದ ಕೆಲಸಕ್ಕೆ ಆಗಲ್ಲ ಅನ್ನಿ ಎಂದು ಅದರಲ್ಲಿತ್ತು. ಯಾವುದೂ ಕೆಟ್ಟ ಮಾತಲ್ಲ. ಆದರೆ ಅಷ್ಟುದ್ದದ ಲೇಖನದಲ್ಲಿ ಅಡುಗೆಮನೆ ಇರಲಿಲ್ಲ, ಮಕ್ಕಳಿರಲಿಲ್ಲ, ವಯಸ್ಸಾದವರ ಮಾತ್ರೆ ಇರಲಿಲ್ಲ. ನಮ್ಮ ಕಡೆ ಐದಕ್ಕೆ ಏಳದ ಹೆಂಗಸರು ಎಷ್ಟು ಜನ ಇದ್ದಾರೆ? ಅವರಿಗೆ ಬೇಗ ಏಳಿ ಅಂತ ಹೇಳಿ ಏನು ಪ್ರಯೋಜನ?

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಆಲ್ದೂರು ಕಡೆ ಹಳ್ಳಿಯಲ್ಲಿ. ನಮ್ಮ ಯಜಮಾನರು ಎರಡೂವರೆ ಎಕರೆ ತೋಟ ನೋಡಿಕೊಂಡು, ಬಾಡಿಗೆ ಸಿಕ್ಕಾಗ ಪಿಕಪ್ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ. ಶಾಲೆಗೆ ಹೋಗುವ ಮಗಳು, ಮಗ ಇದ್ದಾರೆ. ಕೊಟ್ಟಿಗೆಯಲ್ಲಿ ಎರಡು ಹಸು ಇವೆ. ಇಂಥ ಮನೆಗಳೇ ನಮ್ಮ ಜಿಲ್ಲೆಯಲ್ಲಿ ಜಾಸ್ತಿ.

ಇಂಥ ಮನೆಯಲ್ಲಿ ದಿನಕ್ಕೆ ಇನ್ನೆರಡು ಗಂಟೆ ಸೇರಿಸಿ ಕೊಟ್ಟರೂ ಪರದಾಟ ಕಡಿಮೆ ಆಗುವುದಿಲ್ಲ ಅಂತ ನಾನು ನಂಬಿದ್ದೇನೆ. ಏನು ಆಗಬೇಕು, ಯಾವಾಗ ಆಗಬೇಕು, ಏನು ಮುಗಿಯುತ್ತಾ ಬಂದಿದೆ ಅನ್ನುವ ನೆನಪೆಲ್ಲ ಒಬ್ಬರ ತಲೆಯಲ್ಲೇ ಇರುತ್ತದೆ. ಉಳಿದವರು ‘ಹೇಳಿದ್ರೆ ಮಾಡ್ತಿದ್ದೆ’ ಅನ್ನುತ್ತಾರೆ. ಹೇಳಬೇಕು ಅಂತ ನೆನಪಿಟ್ಟುಕೊಳ್ಳುವುದೂ ಒಂದು ಕೆಲಸ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಅಂಕಿಅಂಶ ಕಚೇರಿ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಒಂದು ಸಮೀಕ್ಷೆ ಮಾಡುತ್ತದೆ. ಬೆಳಗಿನ ಜಾವ ನಾಲ್ಕರಿಂದ ಮಾರನೇ ದಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಯ ಲೆಕ್ಕದಲ್ಲಿ, ಏನೇನು ಮಾಡಿದಿರಿ ಅಂತ ಕೇಳಿ ಬರೆದುಕೊಳ್ಳುತ್ತಾರೆ. 2019ರ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು, ಮಾಡಿದ ಗಂಡಸರು 97 ನಿಮಿಷ. 2024ರಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷದಲ್ಲಿ ಹೆಂಗಸರ ಕೆಲಸ 10 ನಿಮಿಷ ಇಳಿಯಿತು, ಗಂಡಸರದ್ದೂ 9 ನಿಮಿಷ ಇಳಿಯಿತು. ಅಂದರೆ ಭಾರ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಗಿಲ್ಲ. ಇದೆಲ್ಲ ಕೈ ಮಾಡಿದ ಕೆಲಸದ ಲೆಕ್ಕ. ರಾತ್ರಿ ಮಲಗಿದ ಮೇಲೆ ‘ನಾಳೆ ಮಗನ ಬಿಳಿ ಯೂನಿಫಾರ್ಮ್ ಒಣಗಿದೆಯೋ ಇಲ್ಲವೋ’ ಅಂತ ಯೋಚಿಸುವ ಹೊತ್ತು ಯಾವ ಅರ್ಧ ಗಂಟೆಗೂ ಸೇರಲ್ಲ ಅಲ್ವಾ?

ನಮ್ಮ ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೆಲಸ, ಸಂಬಳದ ಲೆಕ್ಕ ಎಲ್ಲ ಅವರ ಕೈಯಲ್ಲಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಅಪ್ಪ ಮತ್ತು ಮೇಸ್ತ್ರಿ ಆಫೀಸಿನ ಜಗಲಿಯಲ್ಲಿ ಕೂತು ನಾಳೆಯ ಕೆಲಸ ಗೊತ್ತು ಮಾಡುತ್ತಿದ್ದರು. ಯಾವ ಬ್ಲಾಕಿಗೆ ಎಷ್ಟು ಆಳು, ಚಿಗುರು ತೆಗೆಯಲು ಯಾರು, ಕಳೆಗೆ ಯಾರು, ನೆರಳಿನ ಮರದ ಕೊಂಬೆ ಸವರುವ ಮರಗಸಿಗೆ ಯಾರು ಹತ್ತುತ್ತಾರೆ. ಬೆಳಗ್ಗೆ ಜನ ಬಂದು ನಿಂತಾಗ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಓದುವುದಷ್ಟೇ ಬಾಕಿ. ‘ನಾನೇನು ಮಾಡಲಿ’ ಅಂತ ಕೇಳುತ್ತಾ ಯಾರೂ ನಿಲ್ಲುತ್ತಿರಲಿಲ್ಲ. ಅಪ್ಪನಿಗೆ ಜ್ವರ ಬಂದು ಮಲಗಿದರೂ ತೋಟದ ಕೆಲಸ ನಡೆಯುತ್ತಿತ್ತು, ಯಾಕೆಂದರೆ ಎಲ್ಲ ಪುಸ್ತಕದಲ್ಲಿತ್ತು.

ಅಮ್ಮನಿಗೆ ಜ್ವರ ಬಂದರೆ ಮಾತ್ರ ಮನೆ ನಿಂತೇ ಹೋಗುತ್ತಿತ್ತು. ಬೆಲ್ಲದ ಡಬ್ಬಿ ಯಾವ ಅಟ್ಟದಲ್ಲಿದೆ, ಅಂಗಡಿಯವರಿಗೆ ಬಾಕಿ ಎಷ್ಟು, ನನ್ನ ಪರೀಕ್ಷೆ ಫೀಸು ಕಟ್ಟಲು ಕೊನೆ ದಿನ ಯಾವತ್ತು, ಪ್ರತಿಯೊಂದಕ್ಕೂ ಅಮ್ಮನನ್ನೇ ಎಬ್ಬಿಸಿ ಕೇಳಬೇಕಿತ್ತು. ನೂರಾರು ಎಕರೆ ತೋಟದ ಕೆಲಸಕ್ಕೆ ಪುಸ್ತಕ ಇತ್ತು, ನಾಲ್ಕು ಜನರ ಮನೆಗೆ ಇರಲಿಲ್ಲ. ಆ ಪುಸ್ತಕ ಬರೆಯುತ್ತಿದ್ದವರು ಆ ಮನೆಯಲ್ಲೇ ಇದ್ದರು. ಅಪ್ಪನನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಕಾಲದಲ್ಲಿ ಮನೆಗೆಲಸ ಬರೆದಿಡಬೇಕಾದ ಕೆಲಸ ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಈಗ ಹೊಳೆಯಬೇಕು ಅನ್ನುವುದು ನನ್ನ ವಾದ.

ತೋಟದಿಂದ ನಾನು ಕಲಿತ ಇನ್ನೊಂದು ವಿಷಯ ಅಂದರೆ, ಎಲ್ಲ ಕೆಲಸಕ್ಕೂ ಒಂದೇ ಅವಸರ ಇರಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಕೊಯ್ದ ಹಣ್ಣು ಅವತ್ತೇ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರಕ್ಕೆ ಹೋಗಬೇಕು. ನಾಳೆ ನೋಡೋಣ ಅಂತ ರಾಶಿ ಹಾಕಿ ಬಿಟ್ಟರೆ ಹುಳಿತು ಕಾಫಿಯ ರುಚಿಯೇ ಕೆಡುತ್ತದೆ. ಹಾಗೆ ಸಿಪ್ಪೆ ತೆಗೆದು ತೊಳೆದು ಕಣದಲ್ಲಿ ಹರಡಿದ ಬೀಜಕ್ಕೆ, ಅಂದರೆ ಪಾರ್ಚ್‌ಮೆಂಟ್‌ಗೆ, ಅಷ್ಟು ಅವಸರ ಇಲ್ಲ. ಒಳ್ಳೆ ಬಿಸಿಲಿದ್ದರೆ ವಾರದಿಂದ ಹತ್ತು ದಿನದಲ್ಲಿ ಒಣಗುತ್ತದೆ, ಆದರೆ ದಿನವೂ ಕೈಯಾಡಿಸುತ್ತಲೇ ಇರಬೇಕು. ಮಳೆಗಾಲಕ್ಕೆ ಮೊದಲು ಗಿಡಕ್ಕೆ ರೋಗ ಬರದಂತೆ ಹೊಡೆಯುವ ಬೋರ್ಡೊ ಸಿಂಪಡಣೆಗೆ ಗಡುವು ಇದೆ, ಜೋರು ಮಳೆ ಹಿಡಿಯುವುದರೊಳಗೆ ಮುಗಿದಿರಬೇಕು. ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ ಅವತ್ತೇ ಖಾಲಿಯಾಗಬೇಕು. ಅದಕ್ಕೇ ಮೋಡ ನೋಡಿ, ಆಳು ಸಿಕ್ಕಿದ್ದು ಖಾತ್ರಿ ಮಾಡಿಕೊಂಡು ಕಲಸುತ್ತಾರೆ. ಬೇಲಿ ಕಟ್ಟುವುದು ಈ ವಾರ ಆಗದಿದ್ದರೆ ಮುಂದಿನ ವಾರ ಆದೀತು. ಯಾವ ತಿಂಗಳು ಯಾವ ಕೆಲಸ ಅನ್ನುವುದು ಬೆಳೆಗಾರರಿಗೆ ಬಾಯಿಪಾಠ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇಷ್ಟು ವರ್ಷದಿಂದ ಅದನ್ನು ಹೇಳಿಕೊಡುತ್ತಲೇ ಬಂದಿದೆ.

ಮನೆಗೆಲಸವನ್ನೂ ನಾನು ಹೀಗೇ ವಿಂಗಡಿಸಿದೆ. ಹಾಲು ಕರೆದು ಡೈರಿಗೆ ಹಾಕುವುದು, ಅತ್ತೆಯ ಬಿಪಿ ಮಾತ್ರೆ, ಮಕ್ಕಳ ಊಟ, ಇವು ಕೊಯ್ದ ಹಣ್ಣಿನ ಹಾಗೆ, ಅವತ್ತೇ ಆಗಬೇಕು. ವಿಮೆ ಕಂತು, ಕರೆಂಟ್ ಬಿಲ್, ನಮ್ಮ ಹೆಂಗಸರ ಸಂಘದ ಕಂತು, ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ, ಇವಕ್ಕೆ ತಾರೀಖು ಇದೆ, ತಾರೀಖಿಗೆ ಮುಂಚೆ ಯಾವತ್ತು ಮಾಡಿದರೂ ಆಯಿತು. ಅಟ್ಟ ಗುಡಿಸುವುದು, ಹಳೆ ಬಟ್ಟೆ ತೆಗೆದು ಜೋಡಿಸುವುದು, ಡಬ್ಬಿಗಳನ್ನೆಲ್ಲ ತೊಳೆದು ಒಣಗಿಸುವುದು ಇದ್ದೇ ಇದೆ. ನಿಜ ಹೇಳಬೇಕೆಂದರೆ ಹೆಂಗಸರಿಗೆ ಜಾಸ್ತಿ ಸಂಕಟ ಕೊಡುವುದು ಈ ಕೊನೆಯ ಜಾತಿಯ ಕೆಲಸವೇ. ಯಾರಾದರೂ ಮನೆಗೆ ಬಂದರೆ ಕಣ್ಣಿಗೆ ಬೀಳುವುದು ಅದೇ ಅಲ್ವಾ? ನಮ್ಮ ಮನೆಯಲ್ಲಿ ಅವಕ್ಕೆಲ್ಲ ಏಪ್ರಿಲ್ ತಿಂಗಳು ಅಂತ ಗೊತ್ತು ಮಾಡಿದ್ದೇವೆ. ಕೊಯ್ಲು ಮುಗಿದಿರುತ್ತದೆ, ಮಕ್ಕಳಿಗೆ ರಜೆ ಬಂದಿರುತ್ತದೆ, ಬಿಸಿಲೂ ಇರುತ್ತದೆ. ಡಿಸೆಂಬರ್‌ನಲ್ಲಿ ಯಾರು ಬಂದು ಅಟ್ಟ ನೋಡಿದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಬರೆಯುವ ವಿಷಯ. ಅಡುಗೆಮನೆ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಅದರಲ್ಲಿ ರಾಹುಕಾಲ ನೋಡುತ್ತೇವೆ, ಸಂಕಷ್ಟಿ ನೋಡುತ್ತೇವೆ, ಹಾಲಿನ ಲೆಕ್ಕ ಬರೆಯುತ್ತೇವೆ. ನಾವು ಅದೇ ಚೌಕಗಳಲ್ಲಿ ತಾರೀಖಿನ ಕೆಲಸಗಳನ್ನೂ ಬರೆಯಲು ಶುರು ಮಾಡಿದೆವು. ಕೆಲಸದ ಪಕ್ಕದಲ್ಲಿ ಒಂದು ಹೆಸರು ಇರಲೇಬೇಕು. ಇಬ್ಬರ ಹೆಸರು ಬರೆಯುವ ಹಾಗಿಲ್ಲ. ಇಬ್ಬರ ಹೆಸರು ಬರೆದರೆ ಕೊನೆಗೆ ಅದು ನನ್ನ ತಲೆಗೇ ಬರುತ್ತದೆ.

ಹೆಸರು ಬರೆಯುವುದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ನಮ್ಮ ಯಜಮಾನರು ಗ್ಯಾಸ್ ಸಿಲಿಂಡರ್ ಕೆಲಸ ತೆಗೆದುಕೊಂಡರು. ‘ಮುಗಿದಾಗ ಹೇಳು, ತರ್ತೀನಿ’ ಅಂದರು. ‘ಮುಗೀತಾ ಬಂತಾ ಅಂತ ನೋಡೋದೂ ನಿಮ್ಮದೇ, ಬುಕ್ ಮಾಡೋದೂ ನಿಮ್ಮದೇ, ದುಡ್ಡು ತೆಗೆದಿಡೋದೂ ನಿಮ್ಮದೇ’ ಅಂದೆ. ಅವರಿಗೆ ಅದು ವಿಚಿತ್ರವಾಗಿ ಕಂಡಿತು. ‘ಅಡುಗೆ ಮಾಡೋಳು ನೀನು, ನನಗೆ ಹೆಂಗೆ ಗೊತ್ತಾಗುತ್ತೆ?’ ಅಂದರು. ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ನಮ್ಮ ಮನೆಗೆ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆ ಅಂತ ನೀವೇ ಎಣಿಸಿ ಅಂತ ಹೇಳಿದೆ. ಪಿಕಪ್‌ಗೆ ಆಯಿಲ್ ಯಾವಾಗ ಬದಲಾಯಿಸಬೇಕು ಅಂತ ಅವರಿಗೆ ನಾನು ಒಂದು ದಿನವೂ ಹೇಳಿಕೊಟ್ಟಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅನಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಒಂದು ಬೆಳಗ್ಗೆ ಗ್ಯಾಸ್ ಖಾಲಿಯಾಯಿತು. ಮುಗಿಯುತ್ತಾ ಬಂದಿದ್ದು ನನಗೆ ಗೊತ್ತಾಗಿತ್ತು, ಆದರೂ ಹೇಳಿರಲಿಲ್ಲ. ನಾನು ನೆನಪಿಸಿದರೆ ಆ ಕೆಲಸ ಮತ್ತೆ ನನ್ನದೇ ಆಗುತ್ತದೆ ಅಂತ ಗಟ್ಟಿ ಮಾಡಿಕೊಂಡಿದ್ದೆ. ಅವತ್ತು ಬಚ್ಚಲ ಪಕ್ಕದ ಸೌದೆ ಒಲೆಯಲ್ಲಿ ತಿಂಡಿ ಆಯಿತು. ಮನೆಯಲ್ಲಿ ಜಗಳ ಆಗಲಿಲ್ಲ. ಆಮೇಲೆ ಗ್ಯಾಸ್ ವಿಷಯ ನನ್ನ ಬಾಯಿಗೆ ಬರುವ ಪ್ರಸಂಗವೇ ಬಂದಿಲ್ಲ. ಓದುವ ಅಕ್ಕತಂಗಿಯರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ, ನೋಡಿಕೊಂಡು ಸುಮ್ನೆ ಇರುವುದು ಕೆಲಸ ಮಾಡುವುದಕ್ಕಿಂತ ಕಷ್ಟ. ಆದರೂ ಸುಮ್ನೆ ಇರಬೇಕು. ಮಾತ್ರೆ, ಮಕ್ಕಳ ಜ್ವರ, ಬೆಂಕಿ, ಕರೆಂಟ್, ಇವುಗಳ ವಿಷಯದಲ್ಲಿ ಮಾತ್ರ ಸುಮ್ನೆ ಇರಬಾರದು. ಉಳಿದದ್ದರಲ್ಲಿ ಒಂದು ಸಲ ಎಡವಟ್ಟಾದರೆ ಮನೆ ಮುಳುಗುವುದಿಲ್ಲ.

ಅತ್ತೆಗೆ ಮೊದಮೊದಲು ಇದು ಹಿಡಿಸಲಿಲ್ಲ. ‘ಗೋಡೆ ಮೇಲೆ ಮನೆಯೋರ ಹೆಸರು ಬರೆದು ಕೆಲಸ ಹಚ್ಚೋದಾ ಮಾರಾಯ್ತಿ? ಬಂದೋರು ನೋಡಿದ್ರೆ ಏನಂತಾರೆ?’ ಅಂದರು. ನಾನು ಎದುರು ಮಾತಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ಅವರೇ ಬಂದು, ‘ಹಾಲಿನ ಲೆಕ್ಕ ನಂಗೆ ಬಿಡು. ಎಷ್ಟು ಲೀಟರ್ ಹಾಕಿದ್ದು, ಎಷ್ಟು ದುಡ್ಡು ಬಂತು, ನಾನೇ ಬರೀತೀನಿ’ ಅಂದರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಅಂಕಿ ದುಂಡಗೆ ಬರೆಯುತ್ತಾರೆ. ಫ್ಯಾಟ್ ಕಡಿಮೆ ತೋರಿಸಿದ ದಿನ ಅದರ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತಾರೆ, ತಿಂಗಳ ಕೊನೆಗೆ ಚುಕ್ಕೆ ಎಣಿಸಿ ಹಿಂಡಿ ಸರಿಯಿಲ್ಲ ಅನ್ನುತ್ತಾರೆ. ವಯಸ್ಸಾದವರನ್ನು ಕೂರಿಸಿ ಉಣ್ಣಿಸುವುದೇ ಸೇವೆ ಅಂದುಕೊಂಡಿರುತ್ತೇವೆ. ಅವರ ಹೆಸರಿನಲ್ಲಿ ಒಂದು ಜವಾಬ್ದಾರಿ ಇದ್ದರೆ ಅವರ ದಿನಕ್ಕೂ ಒಂದು ಹಿಡಿತ ಸಿಗುತ್ತದೆ.

ಮಕ್ಕಳ ಕೆಲಸ ಸಣ್ಣದು. ಬ್ಯಾಗು, ಬೂಟು, ನೀರಿನ ಬಾಟಲಿ ರಾತ್ರಿಯೇ ಬಾಗಿಲ ಹತ್ತಿರ ಬರಬೇಕು. ಮಗನಿಗೂ ಮಗಳಿಗೂ ಒಂದೇ ನಿಯಮ. ತಿಂಡಿ ತಟ್ಟೆ ತೊಳೆಯುವುದರಲ್ಲೂ ಅಷ್ಟೇ.

ಅಡುಗೆಯಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿದೆವು. ವಾರದ ದಿನ ಅಕ್ಕಿ ರೊಟ್ಟಿ ಇಲ್ಲ. ಮಲೆನಾಡಿನವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು. ಹಿಟ್ಟು ಉಕ್ಕರಿಸಿ, ನಾದಿ, ಒಂದೊಂದೇ ತಟ್ಟಿ, ಕಾವಲಿ ಮುಂದೆ ನಿಂತು ಎಲ್ಲರಿಗೂ ಬಿಸಿಬಿಸಿ ಹಾಕುವಷ್ಟರಲ್ಲಿ ಬೆಳಗಿನ ಬಸ್ ಹೋಗಿರುತ್ತದೆ. ರೊಟ್ಟಿ ಭಾನುವಾರ, ಎಲ್ಲರೂ ಕೂತು ತಿನ್ನುವ ದಿನ. ಉಳಿದ ದಿನ ಕಡುಬು, ಉಪ್ಪಿಟ್ಟು, ಚಿತ್ರಾನ್ನ. ಕಡುಬಿಗೆ ವಾರಕ್ಕಾಗುವಷ್ಟು ಅಕ್ಕಿ ತರಿ ಭಾನುವಾರವೇ ಡಬ್ಬಿಗೆ ಬೀಳುತ್ತದೆ. ಕಡುಬು ಬೇಯಲು ಇಟ್ಟರೆ ಅದರ ಮುಂದೆ ಯಾರೂ ನಿಂತಿರಬೇಕಾಗಿಲ್ಲ, ಅಷ್ಟರಲ್ಲಿ ಸ್ನಾನ ಆಗುತ್ತದೆ. ಯಾವ ತಿಂಡಿ ಎಷ್ಟು ಹೊತ್ತು ತಿನ್ನುತ್ತದೆ ಅನ್ನುವುದಕ್ಕಿಂತ, ಎಷ್ಟು ಹೊತ್ತು ನಮ್ಮನ್ನು ಒಲೆ ಮುಂದೆ ನಿಲ್ಲಿಸುತ್ತದೆ ಅಂತ ನೋಡಬೇಕು.

ಮಳೆಗಾಲದ ಮಾತು ಬೇರೆಯೇ. ಬಯಲುಸೀಮೆಯ ಓದುಗರಿಗೆ ಇದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ಜೋರಾದರೆ ಶಾಲೆಗಳಿಗೆ ರಜೆ ಕೊಡುತ್ತಾರೆ. ಕೆಲವು ಸಲ ಹಿಂದಿನ ರಾತ್ರಿ ಗೊತ್ತಾಗುತ್ತದೆ, ಕೆಲವು ಸಲ ಬೆಳಗ್ಗೆ. ಮಳೆಯೇ ಹಾಗೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮೆಸೇಜ್ ಬಂದ ಕೂಡಲೇ ಕೆಲಸಕ್ಕೆ ಹೋಗುವ ತಾಯಂದಿರ ಎದೆ ಧಸಕ್ ಅನ್ನುತ್ತದೆ. ಅವತ್ತು ಮಕ್ಕಳ ಜೊತೆ ಯಾರು ಅನ್ನುವ ಪ್ರಶ್ನೆ ಬೆಳಗ್ಗೆ ಏಳು ಗಂಟೆಗೆ ಶುರುವಾದರೆ ಅದು ಜಗಳದಲ್ಲೇ ಮುಗಿಯುತ್ತದೆ.

ನಾವು ಜೂನ್ ಮೊದಲ ವಾರದಲ್ಲೇ ಒಂದು ಹಾಳೆ ಬರೆದು ಅಂಟಿಸುತ್ತೇವೆ. ಮೊದಲನೇ ಮಳೆ ರಜೆಗೆ ಮಕ್ಕಳ ಹೊಣೆ ಯಜಮಾನರದ್ದು, ಅಷ್ಟು ಮಳೆಯಲ್ಲಿ ತೋಟದ ಕೆಲಸವೂ ನಡೆಯಲ್ಲ. ಅವರಿಗೆ ಬಾಡಿಗೆ ಇದ್ದರೆ ಪಕ್ಕದ ಮನೆಯ ಅಕ್ಕ ನೋಡಿಕೊಳ್ಳುತ್ತಾರೆ. ಅದಕ್ಕೆ ಬದಲಾಗಿ ಅವರ ಮಕ್ಕಳನ್ನು ಒಂದು ಶನಿವಾರ ಮಧ್ಯಾಹ್ನ ನಾವು ನೋಡಿಕೊಳ್ಳುತ್ತೇವೆ. ಎಲ್ಲೂ ಆಗದಿದ್ದರೆ ನಾನು ರಜೆ ಹಾಕುತ್ತೇನೆ. ಈ ವಿಷಯ ಆಫೀಸಿಗೂ ಜೂನ್‌ನಲ್ಲೇ ಹೇಳಿರುತ್ತೇನೆ. ಅತ್ತೆಗೆ ಮಂಡಿ ನೋವು, ಇಬ್ಬರು ಮಕ್ಕಳ ಹಿಂದೆ ಓಡಾಡುವುದು ಅವರಿಗೆ ಆಗಲ್ಲ, ಆದ್ದರಿಂದ ಅವರ ಹೆಸರು ಆ ಹಾಳೆಯಲ್ಲಿ ಇಲ್ಲ. ಕರೆಂಟ್ ಹೋದರೆ ದಿನಗಟ್ಟಲೆ ಬರದೇ ಇರಬಹುದು, ಹಾಗಾಗಿ ಮೋಡ ಕಟ್ಟಿದ ದಿನ ಸಂಜೆಯೇ ಟ್ಯಾಂಕ್ ತುಂಬಿಸುವುದು, ಟಾರ್ಚ್ ಮತ್ತು ಫೋನ್ ಚಾರ್ಜ್ ಮಾಡುವುದು ಮಗಳ ಕೆಲಸ. ಬಟ್ಟೆ ಒಣಗುವ ಸಮಸ್ಯೆಗೆ ಮಾತ್ರ ಯಾವ ಪಟ್ಟಿಯೂ ಪರಿಹಾರ ಕೊಟ್ಟಿಲ್ಲ. ಒಂದು ಜೊತೆ ಯೂನಿಫಾರ್ಮ್ ಜಾಸ್ತಿ ಹೊಲಿಸಿ, ಸೌದೆ ಒಲೆ ಮೇಲ್ಗಡೆ ಹಗ್ಗ ಕಟ್ಟುವುದೊಂದೇ ದಾರಿ.

ಇನ್ನು ಆಫೀಸು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಉಸಿರಾಡಲು ಬಿಡುವಿರಲ್ಲ. ಗಾಡಿ ಮೇಲೆ ಗಾಡಿ ಬರುತ್ತದೆ. ತೂಕ, ತೇವಾಂಶ, ಔಟ್‌ಟರ್ನ್ (ತಂದ ಕಾಫಿಯಲ್ಲಿ ಬೀಜ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ), ಚೀಟಿ, ಪೇಮೆಂಟ್. ಬಂದ ಪ್ರತಿಯೊಬ್ಬ ಬೆಳೆಗಾರರಿಗೂ ತಮ್ಮದು ಮೊದಲು ಆಗಬೇಕು. ಅವರ ಅವಸರವೂ ನ್ಯಾಯವೇ, ಆಳುಗಳಿಗೆ ಶನಿವಾರ ಬಟವಾಡೆ ಮಾಡಬೇಕಿರುತ್ತದೆ. ಇಂಥ ಕಡೆ ಬೆಳಗ್ಗೆ ಪಟ್ಟಿ ಬರೆದುಕೊಂಡರೆ ಹನ್ನೊಂದು ಗಂಟೆಗೆ ಅದು ಹರಿದುಹೋಗಿರುತ್ತದೆ. ಹಾಗಾಗಿ ನಾನು ದಿನದ ಪಟ್ಟಿಗಿಂತ ತಿಂಗಳ ತಾರೀಖುಗಳನ್ನು ನಂಬುತ್ತೇನೆ. ತೆರಿಗೆ ಮುರಿದುಕೊಂಡ ಟಿಡಿಎಸ್ ಕಟ್ಟುವುದು 7ಕ್ಕೆ, ಜಿಎಸ್‌ಟಿಯ ಮೊದಲ ರಿಟರ್ನ್ ಜಿಎಸ್‌ಟಿಆರ್-1 11ಕ್ಕೆ, ನೌಕರರ ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿಯ ಇನ್ನೊಂದು ರಿಟರ್ನ್ ಜಿಎಸ್‌ಟಿಆರ್-3ಬಿ 20ಕ್ಕೆ. ಇವು ಪ್ರತಿ ತಿಂಗಳೂ ಬರುವ ತಾರೀಖುಗಳು, ಬಂದಾಗ ಗಾಬರಿ ಬೀಳುವ ಕಾರಣವೇ ಇಲ್ಲ. ಮೇಜಿನ ಕ್ಯಾಲೆಂಡರ್‌ನಲ್ಲಿ ಇವನ್ನು ಮೂರು ದಿನ ಮುಂಚಿನ ಚೌಕದಲ್ಲಿ ಬರೆಯುತ್ತೇನೆ. ಕೊನೆ ದಿನ ಸರ್ವರ್ ನಿಧಾನ ಆಗುವುದು ಲೆಕ್ಕ ಬರೆಯುವ ಎಲ್ಲರಿಗೂ ಗೊತ್ತು.

ದಿನದಲ್ಲಿ ನಾನು ಕಾಪಾಡಿಕೊಳ್ಳುವುದು ಒಂದೇ ಗಂಟೆ. ಗಾಡಿಗಳು ಬರುವ ಮೊದಲಿನ ಗಂಟೆ. ಹಿಂದಿನ ದಿನದ ಚೀಟಿ, ಪುಸ್ತಕ, ಬ್ಯಾಂಕ್ ಮೂರನ್ನೂ ಆಗ ತಾಳೆ ನೋಡುತ್ತೇನೆ. ಆ ಹೊತ್ತಿನಲ್ಲಿ ಫೋನ್ ಬಂದರೆ ಪಕ್ಕದವರು ತೆಗೆಯುತ್ತಾರೆ, ಅವರ ಗಂಟೆಯಲ್ಲಿ ನಾನು ತೆಗೆಯುತ್ತೇನೆ. ಯಾರಾದರೂ ಲೆಕ್ಕ ಕೇಳಿ ಬಂದಾಗ ‘ನೋಡೋಣ, ಆಮೇಲೆ ಬನ್ನಿ’ ಅನ್ನುವುದಿಲ್ಲ. ಪುಸ್ತಕದಲ್ಲಿ ಬರೆದುಕೊಂಡು, ‘ನಾಳೆ ಹನ್ನೊಂದಕ್ಕೆ ಬನ್ನಿ, ರೆಡಿ ಇರುತ್ತೆ’ ಅನ್ನುತ್ತೇನೆ. ಹನ್ನೊಂದಕ್ಕೆ ರೆಡಿ ಇರುತ್ತದೆ. ಹಾಗೆ ಹೇಳಿದ ಮೇಲೆ ಜನ ನಾಲ್ಕು ಸಲ ಫೋನ್ ಮಾಡುವುದಿಲ್ಲ. ಖಚಿತವಾದ ಹೊತ್ತು ಹೇಳಿದರೆ ಇಬ್ಬರ ಸಮಯವೂ ಉಳಿಯುತ್ತದೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಮಾರನೇ ದಿನದ ಕೆಲಸ ಬರುತ್ತಿತ್ತು. ನೋಡಿದ್ದಕ್ಕೆ ಗುರುತು ಬಿದ್ದ ಮೇಲೆ ಉತ್ತರ ಕೊಡಲೇಬೇಕು. ಅಲ್ಲಿ ಇದ್ದಷ್ಟು ದಿನ ನನಗೆ ಮನೆಯಲ್ಲಿ ಇದ್ದೂ ಮನೆಯಲ್ಲಿ ಇದ್ದ ಹಾಗೆ ಅನಿಸಲಿಲ್ಲ. ಈಗಿನ ಕಡೆ ಸಂಜೆ ಐದೂವರೆಗೆ ನಾಳೆಯ ವಿಷಯ ಮಾತಾಡಿ ಎದ್ದು ಬರುತ್ತೇವೆ. ಸಂಜೆ ಹತ್ತು ನಿಮಿಷ ಕೂತರೆ ರಾತ್ರಿ ಮೆಸೇಜ್ ಬೇಕಾಗಿಲ್ಲ. ಯಜಮಾನಿಕೆ ಮಾಡುವವರು ಇದನ್ನು ಯೋಚಿಸಬೇಕು ಅಂತ ಕೈಮುಗಿದು ಕೇಳುತ್ತೇನೆ.

ಇಷ್ಟೆಲ್ಲ ಮಾಡಿದರೂ ನಮ್ಮ ದಿನ ಪೂರ್ತಿ ನಮ್ಮ ಕೈಯಲ್ಲಿ ಇರುವುದಿಲ್ಲ. ಬೇರೆಯವರು ನಮ್ಮ ಸಮಯಕ್ಕೆ ಕೊಡುವ ಬೆಲೆಯ ಮೇಲೆ ಅದು ನಿಂತಿರುತ್ತದೆ. ಸರ್ಕಾರಿ ಕೆಲಸವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಸಕಾಲ ಕಾಯ್ದೆ ಆದದ್ದು 2011ರಲ್ಲಿ, ಜಾರಿಗೆ ಬಂದದ್ದು 2012ರಲ್ಲಿ. ಅದರ ಪ್ರಕಾರ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೊಡಬೇಕು, ಅದರಲ್ಲಿ ಅರ್ಜಿಯನ್ನು ಗುರುತಿಸುವ ಜಿಎಸ್‌ಸಿ ನಂಬರ್ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. 20 ರೂಪಾಯಿ ದೊಡ್ಡದಲ್ಲ. ಆದರೆ ಜನರ ದಿನಕ್ಕೆ ಬೆಲೆ ಇದೆ ಅಂತ ಕಾನೂನು ಒಪ್ಪಿಕೊಂಡದ್ದು ದೊಡ್ಡದು. ನಮ್ಮ ಊರಿನಲ್ಲಿ ಜಾತಿ, ಆದಾಯ ಸರ್ಟಿಫಿಕೇಟಿಗೆ ಈಗಲೂ ಜನ ‘ಆಗಿದೆಯಾ’ ಅಂತ ಕೇಳಲು ಒಂದು ದಿನದ ಕೂಲಿ ಬಿಟ್ಟು ಹೋಗುತ್ತಾರೆ. ಚೀಟಿ ಕೇಳಿ ಇಸಕೊಳ್ಳಿ, ನಂಬರ್ ಹಾಕಿ ಫೋನಿನಲ್ಲೇ ನೋಡಿ ಅಂತ ನಾನು ಸಂಘದ ಹೆಂಗಸರಿಗೆ ಹೇಳುತ್ತಲೇ ಇರುತ್ತೇನೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮಗೆಲ್ಲ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿದಿದೆ. ಆದರೆ ಒಂದು ಬಸ್ ತಪ್ಪಿದರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ ಕಾಯುವ ಊರುಗಳು ನಮ್ಮವು. ಹನ್ನೊಂದು ಗಂಟೆಗೆ ಒಂದು ಮೀಟಿಂಗ್ ಅಂದರೆ ನಮಗೆ ಅದು ಅರ್ಧ ದಿನ. ಹಾಗಾಗಿ ಶಾಲೆಗಳಿಗೆ ನನ್ನದೊಂದು ಮನವಿ. ಪೋಷಕರ ಸಭೆಗೆ ಹಿಂದಿನ ದಿನ ಮಕ್ಕಳ ಕೈಯಲ್ಲಿ ಚೀಟಿ ಕಳಿಸಬೇಡಿ. ಒಂದು ವಾರ ಮುಂಚೆ ಹೇಳಿ, ಸಾಧ್ಯವಾದರೆ ಶನಿವಾರ ಇಡಿ. ಸಭೆಗೆ ಅಪ್ಪಂದಿರೂ ಬರಬೇಕು ಅಂತ ಚೀಟಿಯಲ್ಲೇ ಬರೆಯಿರಿ. ಶಾಲೆಯಿಂದ ಫೋನ್ ಬರುವುದು ಯಾವಾಗಲೂ ಅಮ್ಮನ ನಂಬರಿಗೇ ಯಾಕೆ? ನಮ್ಮ ಮನೆಯಲ್ಲಿ ಮಗನ ಶಾಲೆಗೆ ಅಪ್ಪನ ನಂಬರ್ ಮೊದಲನೆಯದಾಗಿ ಕೊಟ್ಟಿದ್ದೇವೆ. ಮಗನ ಯಾವ ಪಾಠ ಹಿಂದೆ ಬಿದ್ದಿದೆ ಅಂತ ಈಗ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಸಮಯದ ಬಗ್ಗೆ ಲೇಖನ ಬರೆಸುವಾಗ ತೋಟದ ಮೇಸ್ತ್ರಿಗಳನ್ನು, ಡೈರಿ ಕಾರ್ಯದರ್ಶಿಗಳನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಮಾತಾಡಿಸಿ. ನೂರು ಜನರ ಕೆಲಸ ಹೊಂದಿಸುವವರು ಅವರು. ಮನೆ ಕೆಲಸ ಹಂಚಿಕೊಂಡ ಗಂಡಸರೂ ನಮ್ಮ ಊರುಗಳಲ್ಲಿ ಇದ್ದಾರೆ, ಅವರನ್ನೂ ಕೇಳಿ. ಅವರ ಮಾತು ಓದಿದರೆ ಇನ್ನೊಬ್ಬರಿಗೆ ಸಂಕೋಚ ಬಿಡುತ್ತದೆ.

ಹಾಗೆಯೇ ಪತ್ರಿಕೆಯಲ್ಲಿ ಒಂದು ಸಣ್ಣ ಜಾಗ ಕೊಡಿ. ಮೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಒಂದು ಪುಟದಲ್ಲಿ ಬರುತ್ತದೆ, ಜಾನುವಾರು ಲಸಿಕೆ ಇನ್ನೊಂದು ಪುಟದಲ್ಲಿ, ವಿದ್ಯಾರ್ಥಿವೇತನದ ಕೊನೆ ದಿನ ಮತ್ತೊಂದು ಕಡೆ. ಎಷ್ಟೋ ಸಲ ಅವತ್ತಿನದು ಅವತ್ತೇ ಬರುತ್ತದೆ. ಮುಂದಿನ ವಾರದ ತಾರೀಖುಗಳನ್ನೆಲ್ಲ ತಾಲ್ಲೂಕುವಾರು ಒಂದೇ ಕಡೆ, ಪ್ರತಿ ಶನಿವಾರ ಹಾಕಿದರೆ ಕತ್ತರಿಸಿ ಇಟ್ಟುಕೊಳ್ಳಬಹುದು. ಭಾನುವಾರ ಮನೆಮಂದಿಯೆಲ್ಲ ಸೇರಿದಾಗ ಹೆಸರು ಹಚ್ಚಬಹುದು. ನಿಮ್ಮ ವರದಿಗಾರರಿಗೆ ಇದು ಹೆಚ್ಚಿನ ಹೊರೆ ಅನಿಸಿದರೆ, ಆಲ್ದೂರು ಹೋಬಳಿಯ ಮಟ್ಟಿಗೆ ವಿಚಾರಿಸಿ ಬರೆದು ಕಳಿಸಲು ನಮ್ಮ ಸಂಘದ ಹೆಂಗಸರು ತಯಾರಿದ್ದೇವೆ. ಪ್ರತಿ ಗುರುವಾರ ಸಂಜೆಯೊಳಗೆ ನಿಮ್ಮ ಜಿಲ್ಲಾ ಕಚೇರಿಗೆ ತಲುಪಿಸುತ್ತೇವೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಆಲ್ದೂರು ಹೋಬಳಿ, ಚಿಕ್ಕಮಗಳೂರು ತಾಲ್ಲೂಕು